ಕ್ರೋಮ್ ತೊಟ್ಟಿಯ ವೀರೇಶ

ಕೆಂಗೇರಿಯ ಆಚೆ, ವೃಷಭಾವತಿ ಹೊಳೆಗೆ ಬೆನ್ನು ಹಾಕಿ ನಿಂತಿದ್ದ ಹನುಮಕ್ಕನ ವಠಾರಕ್ಕೆ ಮನೆ ನೋಡಲು ಬಂದವರೆಲ್ಲ ಗೇಟಿನ ಹತ್ತಿರವೇ ಮೂಗು ಮುಚ್ಚಿಕೊಳ್ಳುತ್ತಿದ್ದರು. ಕೆಲವರು ಒಳಗೆ ಬಂದು, ಅಡುಗೆಮನೆಯ ಕಿಟಕಿ ತೆಗೆದು, ತಕ್ಷಣ ಮುಚ್ಚಿ, "ಆಮೇಲೆ ಫೋನ್ ಮಾಡ್ತೀವಿ ಆಂಟಿ" ಎಂದು ಹೇಳಿ ಹೋಗುತ್ತಿದ್ದರು. ವೀರೇಶ ಕಿಟಕಿ ತೆಗೆದವನು ಹೊರಗೆ ತಲೆ ಹಾಕಿ ಹೊಳೆಯನ್ನು ನೋಡಿದ, ಅದರ ದಡದ ಸೊಪ್ಪಿನ ಮಡಿಗಳನ್ನು ನೋಡಿದ, ಆಮೇಲೆ "ಗಾಳಿ ಬೆಳಕು ಚೆನ್ನಾಗಿದೆ ಅಮ್ಮ" ಎಂದ.

ಗೇಲಿ ಮಾಡುತ್ತಿದ್ದಾನೋ ಎಂದು ಹನುಮಕ್ಕ ಅವನ ಮುಖವನ್ನೇ ನೋಡಿದಳು.

"ವಾಸ್ನೆ ಬರ್ತಿಲ್ವೇನಪ್ಪಾ ನಿಂಗೆ?"

"ನಂಗೆ ಯಾವ ವಾಸ್ನೇನೂ ಗೊತ್ತಾಗಲ್ಲ ಅಮ್ಮ."

"ಉಟ್ಟಿದಾಗ್ಲಿಂದ್ಲೂ ಅಂಗೇಯಾ?"

"ಇಲ್ಲ, ಕೆಲಸದಿಂದ ಹೋಯ್ತು."

ಹನುಮಕ್ಕ ಬೀಗದ ಕೈ ಕೊಟ್ಟಳು. ಅವನ ಹಿಂದೆ ಸೆರಗಿನಿಂದ ಮೂಗು ಬಾಯಿ ಒತ್ತಿ ಹಿಡಿದು ನಿಂತಿದ್ದ ಹೆಂಡತಿ ಕಲಾವತಿಯನ್ನು ಇಬ್ಬರೂ ಏನೂ ಕೇಳಲಿಲ್ಲ. ಅವರು ಬಾಡಿಗೆಗಿದ್ದ ವಿಜಯನಗರದ ಹಳೆಯ ಮನೆಯನ್ನು ಕೆಡವಿ ಕಟ್ಟುವವರಿದ್ದರು. ತಿಂಗಳೊಳಗೆ ಖಾಲಿ ಮಾಡಬೇಕಾಗಿತ್ತು. ಎರಡು ಕೋಣೆಯ ಮನೆ ಅಷ್ಟು ಕಡಿಮೆ ಬಾಡಿಗೆಗೆ ಬೇರೆಲ್ಲೂ ಸಿಕ್ಕಿರಲಿಲ್ಲ.

ವೀರೇಶ ಕೊಪ್ಪಳದ ಕಡೆಯವನು. ಹತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲಿ ಸೋದರಮಾವ ಶಿವಬಸಪ್ಪನ ಹಿಂದೆ ಬೆಂಗಳೂರಿಗೆ ಬಂದ. ಮಾವ ಕಾಮಾಕ್ಷಿಪಾಳ್ಯದ ಒಂದು ಗಲ್ಲಿಯಲ್ಲಿ ಪ್ಲೇಟಿಂಗ್ ಅಂಗಡಿಯಲ್ಲಿದ್ದ. ಬಚ್ಚಲುಮನೆಯ ನಲ್ಲಿ, ಶವರು, ಟವೆಲ್ ಹಾಕುವ ಸರಳು, ಇಂಥವಕ್ಕೆ ಹೊಳಪು ಕೊಡುವುದು ಅಲ್ಲಿಯ ಕೆಲಸ. ಎರಕದಿಂದ ಬಂದ ಮಂಕು ನಲ್ಲಿಯನ್ನು ತಾಮ್ರದ ತಂತಿಗೆ ಕಟ್ಟಿ, ಮೊದಲು ಆಸಿಡ್ಡಿನ ತೊಟ್ಟಿಗೆ, ಆಮೇಲೆ ನಿಕ್ಕಲ್ಲಿನ ತೊಟ್ಟಿಗೆ, ಕೊನೆಗೆ ಕ್ರೋಮ್ ತೊಟ್ಟಿಗೆ ಇಳಿಸುತ್ತಿದ್ದರು. ಕ್ರೋಮ್ ತೊಟ್ಟಿಯ ನೀರು ಕಡು ಕಿತ್ತಳೆ ಬಣ್ಣ. ಅದರಿಂದ ಮೇಲೆತ್ತಿ ತೊಳೆದರೆ ನಲ್ಲಿ ಕನ್ನಡಿಯಾಗಿರುತ್ತಿತ್ತು. ಮೊದಲ ದಿನ ವೀರೇಶ ಅದರಲ್ಲಿ ತನ್ನ ಮುಖ ನೋಡಿಕೊಂಡು ತುಂಬ ಖುಷಿಪಟ್ಟಿದ್ದ. ಉದ್ದಕ್ಕೆ ಎಳೆದಂತೆ ಕಾಣುತ್ತಿದ್ದ ಆ ಮುಖ ನೋಡಿ ಮಾವನೂ ನಕ್ಕಿದ್ದ.

ಕರೆಂಟು ಹಾಯಿಸಿದಾಗ ತೊಟ್ಟಿಯ ಮೇಲೆ ಸಣ್ಣ ಮಂಜು ಏಳುತ್ತಿತ್ತು. ಅದು ಕಣ್ಣಿಗೆ ಅಷ್ಟಾಗಿ ಕಾಣುತ್ತಿರಲಿಲ್ಲ, ಮೂಗಿಗೆ ಗೊತ್ತಾಗುತ್ತಿತ್ತು. ಮೊದಲು ಮೂಗು ತುರಿಸಿತು. ಆಮೇಲೆ ಬೆಳಗ್ಗೆ ಎದ್ದು ಸೀನಿದರೆ ಕರವಸ್ತ್ರದಲ್ಲಿ ರಕ್ತದ ಗೆರೆ. ಹಕ್ಕಳೆ ಕಟ್ಟುವುದು, ಕಿತ್ತುಬರುವುದು, ಮತ್ತೆ ಕಟ್ಟುವುದು. ಮದುವೆಯಾದ ವರ್ಷ ಒಂದು ಕ್ಲಿನಿಕ್ಕಿಗೆ ಹೋದ. ಡಾಕ್ಟರು ಎಡ ಹೊಳ್ಳೆಗೆ ಟಾರ್ಚ್ ಬಿಟ್ಟು ನೋಡಿದರು. ಬೆಳಕು ಬಲ ಹೊಳ್ಳೆಯಲ್ಲಿ ಕಂಡಿತು. ಮೂಗಿನ ನಡುವಿನ ಗೋಡೆಗೆ ತೂತು ಬಿದ್ದಿತ್ತು.

"ನೋವಿದೆಯಾ?"

"ಇಲ್ಲ ಸಾರ್."

"ಮಾಸ್ಕ್ ಹಾಕ್ಕೊಂಡು ಕೆಲಸ ಮಾಡಿ" ಎಂದು ಅವರು ಒಂದು ಮುಲಾಮು ಬರೆದುಕೊಟ್ಟರು.

ಮಾವನಿಗೆ ಹೇಳಿದರೆ ಮಾವ, "ಈಗ ನೀ ಪೂರಾ ನಮ್ಮ ಅಂಗಡಿಯಾಂವ ಆದಿ ನೋಡಪಾ" ಎಂದು ತನ್ನ ಮೂಗಿನಿಂದ ಜೋರಾಗಿ ಉಸಿರು ಬಿಟ್ಟು ತೋರಿಸಿದ. ಒಳಗೆಲ್ಲೋ ಸಣ್ಣ ಸಿಳ್ಳೆ ಕೇಳಿಸಿತು. ಅಂಗಡಿಯವರೆಲ್ಲ ನಕ್ಕರು. ಮಾವ ಕೆಲವು ವರ್ಷ ಕಳೆದು ಊರಿಗೆ ಹಿಂತಿರುಗಿದ, ಅಲ್ಲಿ ಕೆಮ್ಮಿ ಕೆಮ್ಮಿ ತೀರಿಕೊಂಡ. ವೀರೇಶ ಮಣ್ಣಿಗೆ ಹೋಗಿ ಬಂದ. ಅಷ್ಟರಲ್ಲಿ ಅವನಿಗೆ ವಾಸನೆ ಎಂಬುದು ಹೋಗಿಬಿಟ್ಟಿತ್ತು. ಯಾವಾಗ ಹೋಯಿತೆಂದು ಅವನಿಗೇ ಗೊತ್ತಿರಲಿಲ್ಲ. ಒಮ್ಮೆ ಕಲಾವತಿ ನೀರು ಹಿಡಿಯಲು ಹೊರಗೆ ಹೋದಾಗ ಒಲೆಯ ಮೇಲಿನ ಹಾಲು ಉಕ್ಕಿ, ಸೀದು, ಪಾತ್ರೆ ಕರ್ರಗಾಗಿ ಓಣಿಯೆಲ್ಲ ಸೀದ ವಾಸನೆ ತುಂಬಿಕೊಂಡಿತು. ಅವನು ಒಲೆಯಿಂದ ಎರಡು ಮಾರು ದೂರದಲ್ಲಿ ಕುಳಿತು ಫೋನ್ ನೋಡುತ್ತಿದ್ದ.

ಅಂಗಡಿ ಈಗ ಗೋಪೀನಾಥನದು. ಅಪ್ಪ ಕಟ್ಟಿದ್ದನ್ನು ಮಗ ನಡೆಸುತ್ತಿದ್ದ. ಕೆಟ್ಟವನಲ್ಲ. ಹಬ್ಬಕ್ಕೆ ಬಟ್ಟೆ ಕೊಡುತ್ತಿದ್ದ, ಯಾರಾದರೂ ರಜೆ ಕೇಳಿದರೆ ಮುಖ ಗಂಟಿಕ್ಕುತ್ತಿರಲಿಲ್ಲ. ತೊಳೆದ ನೀರನ್ನು ಶುದ್ಧ ಮಾಡುವ ಯಂತ್ರವೂ ಹಿಂಭಾಗದಲ್ಲಿತ್ತು. ಯಾರಾದರೂ ಪರೀಕ್ಷೆಗೆ ಬರುವ ಸುದ್ದಿ ಸಿಕ್ಕ ದಿನ ಅದು ಓಡುತ್ತಿತ್ತು. ಉಳಿದ ದಿನ ನೀರು ದೊಡ್ಡ ಸಿಂಟೆಕ್ಸಿನಲ್ಲಿ ತುಂಬಿಕೊಂಡು ಮಳೆಗೆ ಕಾಯುತ್ತಿತ್ತು. ಪಶ್ಚಿಮದಲ್ಲಿ ಮೋಡ ಕಟ್ಟಿದರೆ ಗೋಪೀನಾಥ ಆಫೀಸಿನಿಂದ ಹೊರಗೆ ಬಂದು ಆಕಾಶ ನೋಡುತ್ತಿದ್ದ.

"ವೀರೇಶ, ಬರೋ ಹಾಗಿದೆ ಕಣೋ. ರೆಡಿ ಇರು."

ಹನಿ ದಪ್ಪಗಾಗಿ ಗಲ್ಲಿಯಲ್ಲಿ ನೀರು ಹರಿಯತೊಡಗಿದ ಮೇಲೆ ವೀರೇಶ ಹಿಂದೆ ಹೋಗಿ ವಾಲ್ವ್ ತಿರುಗಿಸುತ್ತಿದ್ದ. ಮೋರಿ ರಾಜಕಾಲುವೆಗೆ ಸೇರುತ್ತಿತ್ತು, ರಾಜಕಾಲುವೆ ವೃಷಭಾವತಿಗೆ. ಆ ಸಾಲಿನ ಎಲ್ಲ ಅಂಗಡಿಯ ಹಿಂದೆಯೂ ಆ ಹೊತ್ತಿನಲ್ಲಿ ಒಬ್ಬೊಬ್ಬ ಹೀಗೇ ನಿಂತಿರುತ್ತಿದ್ದ. ಯಾರೂ ಯಾರ ಕಡೆಗೂ ನೋಡುತ್ತಿರಲಿಲ್ಲ.

ಕ್ರೋಮ್ ತೊಟ್ಟಿಯ ತಳದಲ್ಲಿ ಮಡ್ಡಿ ಕೂರುತ್ತಿತ್ತು. ಹಳದಿ, ಕಂದು, ಒಣಗಿದರೆ ಅರಿಶಿನದ ಪುಡಿಯಂತೆ. ಅದನ್ನು ಮಳೆಗೆ ಬಿಡಲಾಗದು, ಮೋರಿ ಕಟ್ಟಿಕೊಳ್ಳುತ್ತದೆ. ತೊಟ್ಟಿ ಖಾಲಿ ಮಾಡಿದಾಗ ವೀರೇಶ ಅದನ್ನು ಕೆರೆದು, ನೀಲಿ ಪಟ್ಟಿಯ ದಪ್ಪ ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಬಾಯಿಗೆ ತಾಮ್ರದ ತಂತಿಯ ತುಂಡು ಬಿಗಿದು ಇಡುತ್ತಿದ್ದ. ಟೆಂಪೋದವನು ಬಂದು ಒಯ್ಯುತ್ತಿದ್ದ. ಎಲ್ಲಿಗೆ ಎಂದು ಅವನು ಹೇಳುತ್ತಿರಲಿಲ್ಲ, ಇವರು ಕೇಳುತ್ತಿರಲಿಲ್ಲ.

ಹೊಸ ಮನೆಯಲ್ಲಿ ಕಲಾವತಿ ಮೊದಲ ವಾರ ಅನ್ನ ಉಣ್ಣಲಿಲ್ಲ. ತಟ್ಟೆಯ ಮುಂದೆ ಕುಳಿತರೆ ವಾಂತಿ ಬರುತ್ತಿತ್ತು. ಊದುಬತ್ತಿ ಹಚ್ಚಿದಳು, ಕಿಟಕಿಗೆ ಹಳೆಯ ಸೀರೆ ತುರುಕಿದಳು. ಕಡೆಗೆ ವೀರೇಶ ಕೆಲಸಕ್ಕೆ ಹೋದ ಮೇಲೆ ರೊಟ್ಟಿ ಕಟ್ಟಿಕೊಂಡು ಮೆಟ್ರೋ ನಿಲ್ದಾಣದ ತನಕ ನಡೆದು, ಅಲ್ಲಿ ಕಟ್ಟೆಯ ಮೇಲೆ ಕುಳಿತು ತಿಂದು ಬರತೊಡಗಿದಳು. ವೀರೇಶನಿಗೆ ಇದನ್ನು ಹೇಳಿದ್ದು ಬಹಳ ದಿನಗಳ ಮೇಲೆ, ಅದೂ ನಗುತ್ತ. ಆಗ ಅವಳಿಗೆ ಅಭ್ಯಾಸವಾಗಿತ್ತು. ಕಿಟಕಿಯ ಸೀರೆ ತೆಗೆದಿದ್ದಳು. ಹನುಮಕ್ಕನ ಮಡಿಗಳಲ್ಲಿ ಸೊಪ್ಪು ಕೊಯ್ದು ಕಟ್ಟು ಕಟ್ಟುವ ಕೆಲಸ ಹಿಡಿದಿದ್ದಳು.

ಹನುಮಕ್ಕನದು ಅಲ್ಲಿಯದೇ ಹಳೆಯ ಒಕ್ಕಲು ಮನೆತನ. ಹೊಲವೆಲ್ಲ ಸೈಟಾಗಿತ್ತು, ಮೇಲಿನ ಎರಡು ಮಹಡಿಯಲ್ಲಿ ಮಕ್ಕಳು ಸಂಸಾರ ಸಮೇತ ಇದ್ದರು. ಹೊಳೆಯ ಪಕ್ಕದ ಉದ್ದನೆಯ ತುಂಡು ಮಾತ್ರ ಕಟ್ಟಡಕ್ಕೆ ಆಗದೆ ಉಳಿದಿತ್ತು. ಅದರಲ್ಲಿ ಹೊಳೆಗೆ ಮೋಟಾರು ಇಟ್ಟು ದಂಟು, ಪಾಲಕ್, ಕೊತ್ತಂಬರಿ ಬೆಳೆಯುತ್ತಿದ್ದಳು. "ಈ ನೀರ್ಗೆ ಗೊಬ್ರವೇ ಬ್ಯಾಡ ಕಣಮ್ಮ" ಎನ್ನುತ್ತಿದ್ದಳು ಕಲಾವತಿಗೆ. ತಾನು ಮದುವೆಯಾಗಿ ಬಂದಾಗ ಇದೇ ಹೊಳೆಯಲ್ಲಿ ಬಟ್ಟೆ ಒಗೆದು, ಮಿಂದು, ಬಿಂದಿಗೆಯಲ್ಲಿ ನೀರು ಹೊತ್ತದ್ದನ್ನು ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಹೇಳುವ ಹಾಗೆ ಹೇಳುತ್ತಿದ್ದಳು.

ವೀರೇಶ ಬೆಳಗ್ಗೆ ಕೆಂಗೇರಿಯಲ್ಲಿ ಮೆಟ್ರೋ ಹತ್ತಿ ಹೊಸಹಳ್ಳಿಯಲ್ಲಿ ಇಳಿಯುತ್ತಿದ್ದ. ದೀಪಾಂಜಲಿ ನಗರದ ತನಕ ಅಲ್ಲಲ್ಲಿ ಹೊಳೆ ಕಾಣುತ್ತಿತ್ತು. ಸಂಜೆ ಹಿಂತಿರುಗುವಾಗ ಅದೂ ಅವನೂ ಒಂದೇ ದಿಕ್ಕಿಗೆ ಹೋಗುತ್ತಿದ್ದರು. ಇದನ್ನು ಅವನು ಒಂದೆರಡು ಸಲ ಗಮನಿಸಿದ್ದ. ಅದರ ಬಗ್ಗೆ ಏನೂ ಯೋಚಿಸಿರಲಿಲ್ಲ.

ಮುಂಗಾರು ಶುರುವಾದ ಮೇಲೆ ಒಂದು ಭಾನುವಾರ ಕಲಾವತಿ ರೊಟ್ಟಿ ತಟ್ಟುತ್ತಿದ್ದಳು. ತಿನ್ನುತ್ತ ಕುಳಿತ ವೀರೇಶ ಅವಳ ಬಲಗೈಯ ಬೆರಳುಗಳನ್ನು ನೋಡಿದ. ತೋರುಬೆರಳಿನ ಗೆಣ್ಣಿನ ಮೇಲೆ ಒಂದು, ನಡುಬೆರಳಿನ ಬುಡದಲ್ಲಿ ಒಂದು ಹುಣ್ಣು. ದುಂಡಗೆ, ಅಂಚು ಉಬ್ಬಿ, ನಡುವೆ ಡ್ರಿಲ್ಲಿನಲ್ಲಿ ಕೊರೆದ ಹಾಗೆ ಆಳ. ಅಂಥ ಹುಣ್ಣಿನ ಕಲೆ ಅವನ ಕೈಯಲ್ಲೇ ಹಲವಾರಿದ್ದವು.

"ಇದು ಯಾವಾಗ ಆತು?"

"ಭಾಳ ದಿನ ಆತ್ರಿ. ನೋಯಂಗಿಲ್ಲ ಬಿಡ್ರಿ."

"ಏನ್ ಮುಟ್ಟಿದ್ದಿ?"

"ಸೊಪ್ಪ ಮುಟ್ತೀನಿ, ನೀರ ಮುಟ್ತೀನಿ. ಮತ್ತೇನ್ ಮುಟ್ಲಿ?" ಅವಳು ರೊಟ್ಟಿ ತಿರುವಿ ಹಾಕಿದಳು. "ಹಾಂ, ಚೀಲಾ ತೊಳದಿದ್ದೆ. ಕೊನೀ ಮಡಿ ಬಾಜೂಕ ದಂಡ್ಯಾಗ ಯಾರೋ ಒಗದು ಹೋಗಿದ್ರು. ಹೊಸಾವು ಇದ್ದಂಗ ಅದಾವ್ರಿ. ಒಳಗಿಂದು ಚೆಲ್ಲಿ ಹೊಳ್ಯಾಗ ತೊಳಕೊಂಡ್ ಬಂದೆ. ಹನುಮಕ್ಕಗ ನಾಕು ಕೊಟ್ಟೀನಿ, ಸೊಪ್ಪ ತುಂಬಾಕ."

"ಒಳಗ ಏನಿತ್ತು?"

"ಮಣ್ಣು. ಹಳದಿ ಮಣ್ಣು."

ವೀರೇಶ ಎದ್ದು ಹಿತ್ತಲಿಗೆ ಹೋದ. ತಂತಿಯ ಮೇಲೆ ಎರಡು ಚೀಲ ಒಣಗುತ್ತಿದ್ದವು. ನೀಲಿ ಪಟ್ಟಿ. ಅವುಗಳ ಬಾಯಿಂದ ಬಿಚ್ಚಿದ ತಂತಿಯ ತುಂಡುಗಳನ್ನು ಕಲಾವತಿ ಪೋಲು ಮಾಡದೆ ಕಿಟಕಿಯ ಸರಳಿಗೆ ಸುತ್ತಿಟ್ಟಿದ್ದಳು. ತಾಮ್ರದವು. ಮೂರು ಸುತ್ತು ಎಡಕ್ಕೆ ತಿರುವಿ ತುದಿಯನ್ನು ಒಳಗೆ ಮಡಚಿದ ಗಂಟಿನ ಡೊಂಕು ಇನ್ನೂ ಹಾಗೇ ಇತ್ತು. ತುದಿ ಚುಚ್ಚದಿರಲೆಂದು ಹಾಗೆ ಮಡಚುವುದನ್ನು ಅವನಿಗೆ ಮಾವ ಕಲಿಸಿದ್ದ.

ಅವನು ಅಲ್ಲಿ ಸ್ವಲ್ಪ ಹೊತ್ತು ನಿಂತ. ಎದೆ ಹೊಡೆದುಕೊಳ್ಳಬಹುದು, ಕಣ್ಣು ಕತ್ತಲೆ ಬರಬಹುದು ಎಂದು ಕಾದ ಹಾಗೆ ನಿಂತ. ಏನೂ ಆಗಲಿಲ್ಲ. ಒಳಗೆ ಬಂದು ಕುಳಿತು, ತಟ್ಟೆಯಲ್ಲಿದ್ದ ರೊಟ್ಟಿಯನ್ನು ಮುಗಿಸಿದ. ಆಮೇಲೆ ಹೇಳಿದ.

"ಅವು ನಮ್ಮ ಅಂಗಡಿ ಚೀಲ. ಕಟ್ಟಿದಾವ ನಾನ."

ಕಲಾವತಿಯ ಕೈ ಹಂಚಿನ ಮೇಲೆ ನಿಂತಿತು. "ಹಂಗಾರ ನಾ ತೊಳೀಬಾರದಿತ್ತೇನು?"

"ತೊಳೀಬಾರದಿತ್ತು."

"ನನಗೇನ್ ಗೊತ್ರಿ" ಎಂದಳು ಅವಳು. ಸಿಟ್ಟಿರಲಿಲ್ಲ. ಒಲೆ ಸಣ್ಣ ಮಾಡಿ ಬೆರಳುಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು, ಬೇರೆ ಯಾರದೋ ಕೈ ನೋಡುವ ಹಾಗೆ.

ಮರುದಿನ ವೀರೇಶ ಗೋಪೀನಾಥನ ಆಫೀಸಿನ ಬಾಗಿಲಲ್ಲಿ ನಿಂತು ನಡೆದದ್ದನ್ನು ಹೇಳಿದ. ಗೋಪೀನಾಥ ಪೆನ್ನು ಕೆಳಗಿಟ್ಟ.

"ನಿಮ್ಮನೆ ಹತ್ರಾನಾ? ಅಲ್ಲ ಕಣೋ, ನಾನು ಕರೆಕ್ಟಾಗಿ ಡಿಸ್ಪೋಸ್ ಮಾಡು ಅಂತಾನೇ ಅವನಿಗೆ ಕೊಟ್ಟಿದ್ದು. ಅವನು ಎಲ್ಲಿ ಹಾಕ್ತಾನೆ ಅಂತ ಹಿಂದೆ ಹೋಗಿ ನೋಡಕ್ಕಾಗುತ್ತಾ?" ಆಮೇಲೆ ಶರ್ಟಿನ ತೋಳು ಮೇಲೆ ಸರಿಸಿ ಮೊಣಕೈ ತೋರಿಸಿದ. ಚರ್ಮ ಬಿರಿದು ಹೊಪ್ಪಳೆ ಎದ್ದಿತ್ತು. "ನಂಗೇ ನೋಡು. ನಮ್ಮಪ್ಪಂಗೂ ಹಿಂಗೇ ಇತ್ತು. ಏನ್ಮಾಡೋದು?" ಡ್ರಾಯರಿನಿಂದ ಅರ್ಧ ಖಾಲಿಯಾದ ಮುಲಾಮಿನ ಟ್ಯೂಬು ತೆಗೆದು ಕೊಟ್ಟ. "ವೈಫ್‌ಗೆ ಹಚ್ಚಕ್ಕೆ ಹೇಳು. ಚೆನ್ನಾಗಿದೆ ಇದು."

"ನನ್ನನ್ನ ಪ್ಯಾಕಿಂಗ್ ಕೆಲಸಕ್ಕೆ ಹಾಕಿ ಸಾರ್."

"ತೊಟ್ಟಿ ಯಾರೋ ನೋಡ್ತಾರೆ ಆಮೇಲೆ? ನೀನೇ ಹೇಳು."

ವೀರೇಶ ಟ್ಯೂಬನ್ನು ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಇಳಿದ.

ಆ ವಾರದಲ್ಲೇ ಟೆಂಪೋದವನು ಬಂದ. ಚೀಲ ಎತ್ತಿ ಹಾಕುತ್ತ ವೀರೇಶ ಅವನಿಗೆ ಮೆಲ್ಲಗೆ, "ಕೆಂಗೇರಿ ಕಡೆ ಹಾಕಬ್ಯಾಡ ಗುರು. ನನ್ನ ಮನೆ ಇರೋದೇ ಅಲ್ಲಿ" ಎಂದ.

"ಅಯ್ಯೋ, ಮೊದ್ಲೇ ಹೇಳೋದಲ್ವಾ ಮಗಾ! ಬೇರೆ ಕಡೆ ಹಾಕ್ತೀನಿ ಬಿಡು" ಎಂದ ಅವನು. ಒಳ್ಳೆಯ ಮನುಷ್ಯ, ಮಾತಿಗೆ ತಪ್ಪುವವನಲ್ಲ. ಟೆಂಪೋ ಗಲ್ಲಿ ದಾಟಿ ಹೋದ ಮೇಲೆ ವೀರೇಶನಿಗೆ ಹಗುರವೆನಿಸಿತು. ಆ ಬೇರೆ ಕಡೆ ಎಲ್ಲಿ ಎಂಬ ಪ್ರಶ್ನೆ ಸಂಜೆ ಮೆಟ್ರೋದಲ್ಲಿ ನಿಂತಾಗ ತಲೆಗೆ ಬಂತು. ಪಕ್ಕದಲ್ಲಿ ಒಬ್ಬಳು ಹುಡುಗಿ ಫೋನಿನಲ್ಲಿ ಯಾರಿಗೋ ಹುಟ್ಟುಹಬ್ಬದ ಶುಭಾಶಯ ಹೇಳುತ್ತಿದ್ದಳು. ಅವನು ಕೆಂಗೇರಿಯ ತನಕ ಅದನ್ನು ಕೇಳುತ್ತ ಬಂದ.

ಕಲಾವತಿ ದಡದ ಮೇಲೆ ಚೆಲ್ಲಿದ್ದ ಮಡ್ಡಿ ಮಳೆಗೆ ಕರಗಿ ಹನುಮಕ್ಕನ ಕೊನೆಯ ಎರಡು ಮಡಿಗಳಿಗೆ ಇಳಿದಿತ್ತು. ಅಲ್ಲಿಯ ದಂಟು ಮೊದಲು ತುದಿಯಲ್ಲಿ ಸುಟ್ಟಿತು, ಆಮೇಲೆ ಹಳದಿಗೆ ತಿರುಗಿತು, ಕಿತ್ತರೆ ಬೇರು ಕಂದಾಗಿ ಮೊಂಡಾಗಿತ್ತು. ಹನುಮಕ್ಕ ಬೂದಿ ಹಾಕಿದಳು, ಸಗಣಿ ನೀರು ಹಾಕಿದಳು, ಮತ್ತೆ ಬೀಜ ಬಿತ್ತಿದಳು. ಮೊಳಕೆ ಮೇಲೆ ಬರಲೇ ಇಲ್ಲ. ಯಾರೋ ಮಾಟ ಮಾಡಿಸಿದ್ದಾರೆ ಎಂದು ಸೊಸೆ ಹೇಳಿದಳಂತೆ. ಹನುಮಕ್ಕ ಮಡಿಯ ಏರಿಯ ಮೇಲೆ ಕುಕ್ಕುರುಗಾಲಲ್ಲಿ ಕುಳಿತು ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡುತ್ತಿದ್ದುದು ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು.

ವೀರೇಶ ಹೇಳಬೇಕೋ ಬೇಡವೋ ಎಂದು ಕೆಲವು ದಿನ ಕಳೆದ. ಮನೆ ಖಾಲಿ ಮಾಡು ಎಂದರೆ ಏನು ಮಾಡುವುದು ಎಂದು ಕಲಾವತಿ ಒಂದು ಸಲ ಕೇಳಿದಳು, ಆಮೇಲೆ ಅವಳೇ "ಹೇಳಿಬಿಡ್ರಿ" ಎಂದಳು. ಭಾನುವಾರ ಬೆಳಗ್ಗೆ ಹೋಗಿ ಹನುಮಕ್ಕನ ಎದುರು ನಿಂತ.

"ಅಮ್ಮ, ಆ ಹಳದಿ ಮಣ್ಣು ನಮ್ಮ ಅಂಗಡೀದು. ತುಂಬಿದ್ದು ನಾನೇ. ಟೆಂಪೋದವನು ತಂದು ಇಲ್ಲಿ ಹಾಕಿದಾನೆ. ನಮ್ಮವಳು ಗೊತ್ತಿಲ್ಲದೆ ಚೆಲ್ಲಿದಾಳೆ. ಅದಕ್ಕೇ ಸೊಪ್ಪು ಬರ್ತಿಲ್ಲ."

ಹನುಮಕ್ಕ ತಲೆ ಎತ್ತಿ ನೋಡಿದಳು. ಬೈಯುತ್ತಾಳೆ ಎಂದು ಅವನು ಸಿದ್ಧನಾಗಿ ನಿಂತಿದ್ದ. ಬೈದಿದ್ದರೆ ಒಳ್ಳೆಯದಿತ್ತು.

"ಓಗ್ಲಿ ಬಿಡಪ್ಪ" ಎಂದಳು ಅವಳು. "ನಿಮ್ದಲ್ದಿದ್ರೆ ಇನ್ಯಾರ್ದೋ ಬಂದಿರೋದು. ದಿನಾ ಒಂದೊಂದು ಬಣ್ಣ ಬರ್ತದೆ ಇಲ್ಲಿ, ನಾನೇನ್ ಯಾರ್ದು ಅಂತ ಕೇಳ್ಕೊಂಡ್ ಕೂತಿದೀನಾ?" ಬೆರಳಿನ ಮಣ್ಣನ್ನು ಸೆರಗಿಗೆ ಒರೆಸಿಕೊಂಡು, "ಮಣ್ಣು ತೆಗುದ್ರೆ ಸರಿ ಓಯ್ತದಾ?" ಎಂದು ಕೇಳಿದಳು.

"ಒಂದು ಮೊಳ ತೆಗೆದ್ರೆ ಹೋಗಬಹುದು. ನಂಗೂ ಸರಿಯಾಗಿ ಗೊತ್ತಿಲ್ಲ ಅಮ್ಮ."

"ತೆಗಿ ಅಂಗಾರೆ. ಇವತ್ತೆಂಗೂ ರಜಾ ಅಲ್ವಾ ನಿಂಗೆ?"

ಅವನು ಅಂಗಡಿಯಿಂದ ತಂದಿಟ್ಟಿದ್ದ ರಬ್ಬರ್ ಗ್ಲೌಸು ಹಾಕಿಕೊಂಡ, ಒಂದು ಜೊತೆ ಕಲಾವತಿಗೂ ಕೊಟ್ಟ. ಅವನು ಸನಿಕೆಯಲ್ಲಿ ಕೆತ್ತಿದ, ಅವಳು ಬಾಂಡಲಿಗೆ ತುಂಬಿದಳು. ಮೊದಲ ಬಾಂಡಲಿ ತುಂಬಿದ ಮೇಲೆ ಇಬ್ಬರೂ ನಿಂತರು.

"ಎಲ್ಲಿ ಹಾಕೂಣ್ರಿ?"

ವೀರೇಶ ಸುತ್ತ ನೋಡಿದ. ಈ ಕಡೆ ಉಳಿದ ಮಡಿಗಳು. ಆ ಕಡೆ ಪಕ್ಕದವರ ಕಾಂಪೌಂಡು. ಹಿಂದೆ ವಠಾರ, ಅದರ ಬೋರ್‌ವೆಲ್ಲು, ಬೋರ್‌ವೆಲ್ಲಿನ ಪಕ್ಕದಲ್ಲಿ ಹನುಮಕ್ಕನ ಮೊಮ್ಮಕ್ಕಳ ಸೈಕಲ್ಲುಗಳು.

"ಒಳೆ ನೀರ್ಗಾಕಿ" ಎಂದಳು ಏರಿಯ ಮೇಲಿದ್ದ ಹನುಮಕ್ಕ. "ಇನ್ನೆಲ್ಲಾಕ್ತೀರಾ?"

ಕಲಾವತಿ ಗಂಡನ ಮುಖ ನೋಡಿದಳು. ಅವನು ಬಾಂಡಲಿ ಎತ್ತಿಕೊಂಡು ಹೋಗಿ ದಡದಿಂದ ಬಗ್ಗಿ ಸುರಿದ. ಕಪ್ಪು ನೀರಿನಲ್ಲಿ ಹಳದಿ ಒಂದು ಕ್ಷಣ ಹರಡಿ, ನೊರೆಯ ಕೆಳಗೆ ಸೇರಿ ಮುಂದಕ್ಕೆ ಹೋಯಿತು. ಕೆಳಗಡೆ ಯಾರಿದ್ದಾರೆ ಎಂದು ಅವನಿಗೆ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ ಅಷ್ಟೆ. ಬಿಡದಿಯ ಆಚೆತನಕ ಇದೇ ನೀರಿಗೆ ಮೋಟಾರು ಇಟ್ಟವರಿದ್ದರು. ಎರಡನೆಯ ಬಾಂಡಲಿ ಸುರಿಯುವಾಗ ಅದು ನೆನಪಿನಲ್ಲಿತ್ತು. ಆಮೇಲೆ ಬಿಸಿಲೇರಿತು, ಸೊಂಟ ಹಿಡಿದುಕೊಂಡಿತು, ಕೆಲಸ ಕೆಲಸದ ಹಾಗೆ ನಡೆಯಿತು. ಮಧ್ಯಾಹ್ನದ ಹೊತ್ತಿಗೆ ಎರಡು ಮಡಿಯೂ ತಗ್ಗಾಗಿದ್ದವು. ಹನುಮಕ್ಕ ಇಬ್ಬರಿಗೂ ಮಜ್ಜಿಗೆ ಕಳಿಸಿದಳು.

ಮಲ್ಲತ್ತಹಳ್ಳಿಯಲ್ಲಿ ಯಾರೋ ಮನೆಗೆ ಪಾಯ ತೆಗೆಯುತ್ತಿದ್ದರು. ಅಲ್ಲಿಂದ ಹನುಮಕ್ಕನ ಮಗ ಒಂದು ಲೋಡು ಕೆಮ್ಮಣ್ಣು ತರಿಸಿ ತಗ್ಗು ತುಂಬಿಸಿದ. ಅದರ ಮೇಲೆ ದಂಟು ಬಿತ್ತಿದರು. ಒಂದು ಕಡೆ ದಟ್ಟವಾಗಿ, ಒಂದು ಕಡೆ ತೆಳ್ಳಗೆ, ಅಂತೂ ಬಂತು. ಕಲಾವತಿಯ ಬೆರಳ ಹುಣ್ಣು ಮಾಯ್ದು, ಬಿಳಿಯ ಸಣ್ಣ ತಗ್ಗುಗಳಾಗಿ ಉಳಿದವು. ಬೆರಳ ತುದಿಯಲ್ಲಿ ಸ್ಪರ್ಶ ಸ್ವಲ್ಪ ಮಂದ ಎನ್ನುತ್ತಿದ್ದಳು, ಸೊಪ್ಪು ಕಟ್ಟುವಾಗ ಬಾಳೆನಾರು ಹಿಡಿದದ್ದು ಗೊತ್ತಾಗುವುದಿಲ್ಲ ಎನ್ನುತ್ತಿದ್ದಳು. ಆದರೂ ಉಳಿದವರಿಗಿಂತ ಚುರುಕಾಗಿ ಕಟ್ಟುತ್ತಿದ್ದಳು.

ಆ ಮಡಿಯ ಮೊದಲ ಕೊಯ್ಲಿನ ದಿನ ಗಲ್ಲಿಯಲ್ಲಿ ಕರೆಂಟಿಲ್ಲದೆ ಅಂಗಡಿಗೆ ರಜೆ ಇತ್ತು. ಮಾರುಕಟ್ಟೆಗೆ ಒಯ್ಯುವ ಗಾಡಿ ಬಂದಾಗ ಕಟ್ಟುಗಳನ್ನು ಎತ್ತಿಕೊಡಲು ವೀರೇಶ ಸೇರಿಕೊಂಡ. ಡ್ರೈವರು ಮೇಲಿನ ಸಾಲನ್ನು ಮುಟ್ಟಿ ನೋಡಿ, "ಅಕ್ಕಾ, ಬಾಡ್ಹೋಗುತ್ತೆ ಅಷ್ಟು ದೂರ, ಸ್ವಲ್ಪ ನೀರು ಚಿಮುಕ್ಸಿ" ಎಂದ. ಕಲಾವತಿ ಬಕೆಟ್ ತಂದಳು. ವೀರೇಶ ಅದನ್ನು ಅವಳ ಕೈಯಿಂದ ತೆಗೆದುಕೊಂಡು ದಡಕ್ಕೆ ಇಳಿದು, ನೊರೆಯನ್ನು ಬದಿಗೆ ಸರಿಸಿ, ತುಂಬಿಸಿ ಕೊಟ್ಟ. ಅವಳು ಬೊಗಸೆಯಲ್ಲಿ ತೆಗೆದು ತೆಗೆದು ಸೊಪ್ಪಿನ ಮೇಲೆ ಚಿಮುಕಿಸಿದಳು.